ಗುಂಡಿ ಕಳೆಯದ ಲೆಕ್ಕ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಶಿವನಂಜಯ್ಯನ ಮಾನಕ್ಕೆ ಕುತ್ತು ತಂದದ್ದು ಮಿಕ್ಕುಳಿದ ನಾಲ್ಕು ಚಪ್ಪಡಿ ಕಲ್ಲು.

ಅವನ ಮಗಳು ರತ್ನಳನ್ನು ನೋಡಲು ಆ ಸಂಜೆ ಮೈಸೂರು ಸೀಮೆಯ ಯಳಂದೂರಿನಿಂದ ಗಂಡಿನವರು ಬರುವವರಿದ್ದರು. ಬೀಗರಾಗುವವರನ್ನು ಸಗಣಿ ಸಾರಿಸಿದ ನೆಲದ ಮೇಲೆ ಕೂರಿಸುವುದು ಹೇಗೆಂದು ಶಿವನಂಜಯ್ಯ ಪಡಸಾಲೆಗೆ ಕಲ್ಲು ಹಾಸಿಸಿದ್ದ. ಎಷ್ಟು ಕಲ್ಲು ಬೇಕೆಂದು ಗಾರೆಯವನು ಹೇಳಬಂದಾಗ ಅವನನ್ನು ತಡೆದು, ತಾನು ಶಾಲೆಯಲ್ಲಿ ಲೆಕ್ಕ ಕಲಿತವನೆಂದು ಬೀದಿಗೆಲ್ಲ ಕೇಳುವಂತೆ ಸಾರಿ, ಉದ್ದವನ್ನು ಅಗಲದಿಂದ ಗುಣಿಸಿದ್ದ. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಪಡಸಾಲೆಯ ಮೂಲೆಯಲ್ಲಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯನ್ನು ಕಳೆಯಲು ಮಾತ್ರ ಮರೆತಿದ್ದ. ಹುಟ್ಟಿದಂದಿನಿಂದ ಆ ಗುಂಡಿಯ ಅನ್ನವನ್ನೇ ಉಂಡವನು!

ಬೆಳಗ್ಗೆ ಕೆಲಸ ಮುಗಿದಾಗ ನಾಲ್ಕು ಕಲ್ಲುಗಳು ಕರೆಯದೆ ಬಂದ ನೆಂಟರಂತೆ ಗೋಡೆಗೊರಗಿ ನಿಂತಿದ್ದವು. ಎದುರುಮನೆಯ ರಾಚಮ್ಮ ಬಟ್ಟೆ ಒಗೆಯಲು ಒಂದನ್ನು ಕೇಳಿಯೇಬಿಟ್ಟಳು. ಪಕ್ಕದ ಮನೆಯ ಗೋವಿಂದಯ್ಯ ಗಲ್ಲ ಕೆರೆದುಕೊಂಡ.

“ಲೆಕ್ಕ ತಪ್ತೇನಣ್ಣ?”

“ತಪ್ಪೋ ಲೆಕ್ಕ ನಾನಾಕಲ್ಲ ಕಣಯ್ಯ.”

“ಅಂಗಾರೆ ಈ ನಾಕು ಎಲ್ಲಿಗೆ? ಗುಂಡಿ ಮ್ಯಾಲಕ್ಕಾ?”

ಒಪ್ಪಿಕೊಂಡಿದ್ದರೆ ಬೀದಿ ಒಂದು ಗಳಿಗೆ ನಕ್ಕು ಮರೆಯುತ್ತಿತ್ತು. ಆದರೆ ಶಿವನಂಜಯ್ಯನ ಬಾಯಿಂದ ತಾನೇ ಎಣಿಸದಿದ್ದ ಮಾತು ಹೊರಬಿತ್ತು. “ಊಂ ಮತ್ತೆ. ಗುಂಡೀನೂ ಸೇರಿಸ್ಕಂಡೇ ಲೆಕ್ಕ ಆಕಿದ್ದು. ಬೀಗರ ಮುಂದೆ ಮನೆಯೊಳಗೆ ಗುಂಡಿ ಇರ್ಬೌದಾ?”

ಆಡಿದ ಮಾತನ್ನು ಉಳಿಸಿಕೊಳ್ಳಲು ಮಧ್ಯಾಹ್ನದವರೆಗೆ ಮಣ್ಣು ಹೊತ್ತು ಗುಂಡಿ ತುಂಬಿಸಿದ. ಮಗ್ಗ ಬಿಚ್ಚಿ ಹಿತ್ತಿಲಿಗೆ ಸಾಗಿಸಿದ. ಅರ್ಧ ನೇಯ್ದ ರೇಷ್ಮೆ ಸೀರೆಯನ್ನು ಸುತ್ತಿ ಅಟ್ಟಕ್ಕೇರಿಸಿದ. ಹೆಂಡತಿ ಸರಸ್ವತಮ್ಮ, “ಅನ್ನ ಕೊಟ್ಟ ಗುಂಡಿ ಕಣ್ರಿ ಅದು” ಎಂದಳು. ಆ ಸೀರೆ ನೇಯುತ್ತಿದ್ದ ರತ್ನ ಲಾಳಿಯನ್ನು ಸೆರಗಿನಿಂದ ಒರೆಸಿ ಎತ್ತಿಟ್ಟಳು. ಗಾರೆಯವನು ನಾಲ್ಕು ಕಲ್ಲನ್ನೂ ಕೂರಿಸಿದ. ಲೆಕ್ಕ ಸರಿಹೋಯಿತು.

ಸಂಜೆ ಹುಡುಗನ ತಂದೆ ಸದಾಶಿವಪ್ಪ ಉಪ್ಪಿಟ್ಟು ತಿಂದು ಕೈ ತೊಳೆದ. ಹೊಸ ನೆಲದತ್ತ ಕಣ್ಣು ಹಾಯಿಸಲೂ ಇಲ್ಲ.

“ಎಣ್ಣಿನ ಬಾಯಲ್ಲಿ ಆಡು ಗೀಡು ಏಳ್ಸಾದು ಬ್ಯಾಡ. ನಿಮ್ಮ ಮಗಳ ಕೈಕೆಲಸ ನಮ್ಮೂರ್ಗಂಟ ಎಸ್ರು ಮಾಡ್ಯದೆ. ಒಂದ್ಗಳಿಗೆ ಮಗ್ಗಕ್ಕೆ ಕೂರ್ಸಿ, ನೋಡ್ತೀವಿ.”

ಶಿವನಂಜಯ್ಯ ಇನ್ನೊಂದು ತಟ್ಟೆ ಉಪ್ಪಿಟ್ಟು ತರಲು ಒಳಗೆ ಕೂಗಿದ. ಬೀಗರನ್ನು ನೋಡಲು ಬಂದು ಕೂತಿದ್ದ ಗೋವಿಂದಯ್ಯ ನೆರವಿಗೆ ಬಂದ. “ಮಗ್ಗದ ಗುಂಡಿ ನಿಮ್ಮ ಕಾಲ ಕೆಳಗೇ ಅದೆ ಯಜಮಾನ್ರೆ, ಇವತ್ತೇ ಮುಚ್ಚುದ್ರು. ನಮ್ಮನೇಲೊಂದು ಮಗ್ಗ ಅದೆ, ಬನ್ನಿ.”

ಗೋವಿಂದಯ್ಯನ ಮಣ್ಣುನೆಲದ ಮನೆಯಲ್ಲಿ ಅವನ ಮಗಳು ಜರಿ ಸೆರಗು ನೇಯುತ್ತಿದ್ದಳು. ಎಳೆ ಕಡಿದೀತೆಂದು ಆಕೆ ಏಳಲೂ ಇಲ್ಲ, ಕೈ ನಿಲ್ಲಿಸಲೂ ಇಲ್ಲ. ಸದಾಶಿವಪ್ಪ ಬಹಳ ಹೊತ್ತು ನೋಡಿದ. ರತ್ನ ಬಾಗಿಲ ಬಳಿ ತನ್ನ ಸರದಿಗೆ ಕಾದಳು. ಸರದಿ ಬರಲಿಲ್ಲ.

“ಮಗ್ಗ ಊತಾಕಿದ ಮನೆ ಎಣ್ಣು ನಮಗ್ಯಾಕೆ?” ಎಂದು ಸದಾಶಿವಪ್ಪ ತನ್ನವರಿಗೆ ಹೇಳಿದ್ದು ಶಿವನಂಜಯ್ಯನಿಗೂ ಕೇಳಿಸಿತು.

ಲೆಕ್ಕ ತಪ್ಪಿದರೆ ಲೆಕ್ಕವನ್ನು ತಿದ್ದಬೇಕು. ತಪ್ಪಿದ ಲೆಕ್ಕಕ್ಕೆ ಒಪ್ಪುವಂತೆ ಮನೆಯನ್ನೇ ತಿದ್ದಹೊರಟವನ ಸಾಲವನ್ನು ಅವನ ಮಕ್ಕಳು ತೀರಿಸಬೇಕಾಗುತ್ತದೆ.

ದೀಪ ಹಚ್ಚುವ ಹೊತ್ತಿಗೆ ಗೋವಿಂದಯ್ಯ ತಾಂಬೂಲ ಹಿಡಿದು ಬಂದ. ಮುಖದಲ್ಲಿ ಸಂತೋಷವೂ ಸಂಕೋಚವೂ ಒಂದನ್ನೊಂದು ತಳ್ಳುತ್ತಿದ್ದವು.

“ಬೇಜಾರ್ ಮಾಡ್ಕಬ್ಯಾಡ ಕಣಣ್ಣ. ಅವ್ರು ನಮ್ಮೆಣ್ಣನ್ನ ಒಪ್ಕಂಡವ್ರೆ. ಮದ್ವೆ ದಿವ್ಸ ಊಟಕ್ಕೆ ನಮ್ಮನೇಲಿ ಜಾಗ ಸಾಲ್ದು, ಮಧ್ಯ ಗುಂಡಿ ಅದೆ. ನಿನ್ನ ಪಡಸಾಲೇಲಿ ಒಂದು ಪಂಕ್ತಿಗೆ ಎಷ್ಟು ಎಲೆ ಇಡಿಸ್ತದೆ, ಒಸಿ ಲೆಕ್ಕ ಆಕ್ಕೊಡು.”

ಒಳಗಿನಿಂದ ರತ್ನ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಶಿವನಂಜಯ್ಯ ತಲೆ ತಗ್ಗಿಸಿ ಉದ್ದವನ್ನು ಅಗಲದಿಂದ ಗುಣಿಸಿದ. ಈ ಸಲ ಕಳೆಯಲು ಗುಂಡಿ ಇರಲಿಲ್ಲ.