ವಿಮಾನ ಹೋಗುವಷ್ಟು ದಾರಿ

ಷಡಕ್ಷರಪ್ಪನವರ ವರ್ಗಾವಣೆಗೆ ಅಡ್ಡ ನಿಂತದ್ದು ಗೋವಿಂದಯ್ಯ ಎಂಬವರ ಬಚ್ಚಲುಮನೆಯ ಗೋಡೆ.

ಭದ್ರಾವತಿ ದಾಟಿ ಮುಂದೆ ಹೋದರೆ ಒಂದು ಪುಟ್ಟ ಪಟ್ಟಣ ಪಂಚಾಯಿತಿ ಸಿಗುತ್ತದೆ. ಹೆಸರು ಹೇಳಿದರೆ ಅಲ್ಲಿಯವರು ಮುನಿಸಿಕೊಳ್ಳುತ್ತಾರೆ, ಬೇಡ ಬಿಡಿ. ಷಡಕ್ಷರಪ್ಪ ಅಲ್ಲಿ ರಸ್ತೆ, ಚರಂಡಿ ನೋಡಿಕೊಳ್ಳುವ ವರ್ಕ್ ಇನ್‌ಸ್ಪೆಕ್ಟರ್. ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ. ಒಂಬತ್ತು ವರ್ಷ ಬೆಳಿಗ್ಗೆ ಏಳೂವರೆಯ ಬಸ್ಸು ಹತ್ತಿ, ಭದ್ರಾವತಿಯಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಸಂಜೆ ಹಾಗೆಯೇ ವಾಪಸ್ಸು ಬಂದು ಅವರ ಸೊಂಟ ಸವೆದಿತ್ತು. ೧೯೯೮ರ ಬೇಸಿಗೆಯಲ್ಲಿ ಕೊನೆಗೂ ಶಿವಮೊಗ್ಗಕ್ಕೆ ವರ್ಗಾವಣೆಯ ಆದೇಶ ಬಂತು. ಹೆಂಡತಿ ಶಂಕರಮ್ಮ ಪಾಯಸಕ್ಕೆಂದು ಶಾವಿಗೆ ತರಿಸಿಟ್ಟುಕೊಂಡರು.

ಆದರೆ ಮುಖ್ಯಾಧಿಕಾರಿಗಳು ಕೈಯಲ್ಲೊಂದು ಫೈಲು ಹಿಡಿದು ಕೂತಿದ್ದರು.

"ಇದೊಂದೇ ಬಾಕಿ ಕಣ್ರೀ, ರುದ್ರಭೂಮಿ ಓಣೀದು. ಸಂಜೆಯೊಳಗೆ ವರದಿ ಕೊಟ್ಟು ಮುಗಿಸಿ, ಇವತ್ತೇ ರಿಲೀವ್ ಮಾಡ್ತೀನಿ. ಮುಗೀಲಿಲ್ವೋ, ಮುಗಿಯೋವರೆಗೂ ನೀವು ಇಲ್ಲೇ."

ಫೈಲಿನ ವಿಷಯ ಇಷ್ಟು. ಹಳೆಬೀದಿಯಿಂದ ರುದ್ರಭೂಮಿಗೆ ಹೋಗುವ ಓಣಿ ನಕ್ಷೆಯಲ್ಲಿ ಎಂಟು ಅಡಿ ಅಗಲ. ಕಾರ್ಖಾನೆಯಿಂದ ನಿವೃತ್ತರಾದ ಗೋವಿಂದಯ್ಯ ತಮ್ಮ ಬಚ್ಚಲುಮನೆಯನ್ನು ಓಣಿಯೊಳಕ್ಕೆ ಮುಂದೂಡಿ ಕಟ್ಟಿಕೊಂಡಿದ್ದರು. ದೂರು ಕೊಟ್ಟವಳು ಓಣಿಯ ಬಾಯಲ್ಲೇ ಮನೆಯಿದ್ದ ಮಹಾಂತಮ್ಮ. ವಯಸ್ಸು ಎಂಬತ್ತೆಂಟು, ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದಳು.

ಷಡಕ್ಷರಪ್ಪ ಬಾಗಿಲಲ್ಲಿ ಕಂಡದ್ದೇ ಅಜ್ಜಿ ಮಲಗಿದ್ದಲ್ಲಿಂದಲೇ ಶುರು ಮಾಡಿದಳು. "ನಮ್ಮ ಯಜಮಾನ್ರು ಹೋಗಿದ್ದು ಈ ದಾರೀಲಿ. ನಾನೂ ಇದರಲ್ಲೇ ಹೋಗ್ಬೇಕು. ಬಸ್‌ಸ್ಟ್ಯಾಂಡ್ ಸುತ್ತಿ ಹೋಗಕ್ಕೆ ನಾನೇನು ಕಂಡಕ್ಟರಾ? ಬೇಗ ಮುಗಿಸಪ್ಪ. ನನಗೂ ಟೈಮಿಲ್ಲ."

ಷಡಕ್ಷರಪ್ಪನವರಿಗೂ ಟೈಮಿರಲಿಲ್ಲ. ಟೇಪು ಎಳೆದು ನೋಡಿದರು. ಉಳಿದಿದ್ದದ್ದು ಐದು ಅಡಿ ಮೂರು ಇಂಚು. ಇಷ್ಟು ಬರೆದುಕೊಟ್ಟರೆ ನಾಲ್ಕು ಗಂಟೆಯ ಬಸ್ಸು ಸಿಗುತ್ತದೆ ಎಂದು ಲೆಕ್ಕ ಹಾಕುತ್ತಿರುವಾಗ ಗೋವಿಂದಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಹೊರಗೆ ಬಂದರು.

"ಅಳೀರಿ ಸಾರ್, ಚೆನ್ನಾಗಿ ಅಳೀರಿ. ಆದ್ರೆ ಈ ಓಣಿ ಇರೋದು ಯಾಕೆ? ವಿಮಾನ ಹೋಗಕ್ಕೆ. ವಿಮಾನ ಎಷ್ಟು ಅಗಲ? ಐದಡಿ. ಮೂರಿಂಚು ಜಾಸ್ತೀನೇ ಬಿಟ್ಟಿದೀನಲ್ರೀ!"

ಆ ಬೀದಿಯವರು ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಹೂವು ಕಟ್ಟಿದ ಮಂಟಪದಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತೊಯ್ಯುತ್ತಾರೆ. ಅದಕ್ಕೆ ವಿಮಾನ ಎಂದು ಹೆಸರು. ಅಲ್ಲಿಯ ಮಠದ ಹಿಂದಿನ ಕೊಟ್ಟಿಗೆಯಲ್ಲಿ ಸಾಗುವಾನಿಯದೊಂದು ಕಾಯಂ ವಿಮಾನವೇ ಇತ್ತು.

ಗೋವಿಂದಯ್ಯನ ವಾದ ಷಡಕ್ಷರಪ್ಪನವರಿಗಿಂತ ಮೊದಲೇ ಫೋನಿನಲ್ಲಿ ಆಫೀಸು ಮುಟ್ಟಿತ್ತು. "ಅವರು ಹೇಳೋದ್ರಲ್ಲೂ ಪಾಯಿಂಟ್ ಇದೆ," ಎಂದರು ಮುಖ್ಯಾಧಿಕಾರಿಗಳು. "ಬಳಕೆಗೆ ಅಡ್ಡಿ ಇದೆಯೋ ಇಲ್ವೋ, ವಿಮಾನಾನ ಹೊರಿಸಿ ನೋಡಿ ಬರೀರಿ."

ಷಡಕ್ಷರಪ್ಪ ಮಠಕ್ಕೆ ಓಡಿದರು. ಊರಲ್ಲಿ ಯಾರು ಹೋದರೂ ಹೆಗಲು ಕೊಡುವ ಗುಂಪಿನ ಮುಖಂಡ ಶಿವರಾಜ ಅಲ್ಲೇ ಕಟ್ಟೆಯ ಮೇಲೆ ಸಿಕ್ಕಿದ. ವಿಷಯ ಕೇಳಿ ತಲೆ ಅಲ್ಲಾಡಿಸಿದ.

"ಹೊರಕ್ಕೇನೋ ಹೊರ್ತೀವಿ ಸಾರ್. ಆದ್ರೆ ಖಾಲಿ ವಿಮಾನ ಬೀದೀಲಿ ಹೊರಲ್ಲ. ಖಾಲಿ ಹೋದ್ರೆ ಅದು ಬರುವಾಗ ಯಾರನ್ನಾದ್ರೂ ಕರ್ಕೊಂಡೇ ಬರೋದು."

"ನಮ್ಮಲ್ಲಿ ಸೂತಕಾನೇ ಇಲ್ಲ ಅಂತೀರಿ, ಮತ್ತೆ ಇದಕ್ಕೆಂಥ ಹೆದರಿಕೆ ಮಾರಾಯ?"

"ಸೂತಕ ಬೇರೆ ಸಾರ್, ಹೆದರಿಕೆ ಬೇರೆ."

ಅಕ್ಕಿಮೂಟೆ ಇಡೋಣವೆಂದರೆ, ಮೂಟೆಗೆ ತಲೆ ಇರುವುದಿಲ್ಲ, ಗೋವಿಂದಯ್ಯನ ಸೂರಿನ ತಗಡು ತಾಗುತ್ತದೋ ಇಲ್ಲವೋ ಹೇಗೆ ತಿಳಿಯಬೇಕು ಎಂದರು ಅಲ್ಲಿ ಸೇರಿದ್ದ ಅವನ ಗುಂಪಿನವರು. ಯಾರಾದರೂ ಕೂರಿ ಎಂದರೆ ಎಲ್ಲರಿಗೂ ಮನೆಯಲ್ಲಿ ತುರ್ತು ಕೆಲಸ ನೆನಪಾಯಿತು. ಗಂಟೆ ಹನ್ನೆರಡಾಗಿತ್ತು. ಷಡಕ್ಷರಪ್ಪನವರ ಕಣ್ಣ ಮುಂದೆ ನಾಲ್ಕು ಗಂಟೆಯ ಬಸ್ಸೂ ಶಾವಿಗೆ ಪಾಯಸವೂ ಸುಳಿದವು. ಚಪ್ಪಲಿ ಬಿಟ್ಟು, ಫೈಲನ್ನು ತೊಡೆಯ ಮೇಲಿಟ್ಟುಕೊಂಡು, ತಾವೇ ವಿಮಾನದಲ್ಲಿ ಪದ್ಮಾಸನ ಹಾಕಿ ಕೂತುಬಿಟ್ಟರು.

ಬೀಳದಂತೆ ಶಿವರಾಜ ಅವರ ನಡುವನ್ನು ಹಿಂದಿನ ಕಂಬಕ್ಕೆ ಪಂಚೆಯಿಂದ ಬಿಗಿದು ಕಟ್ಟಿದ. "ದಾರೀಲಿ ಮಾತಾಡ್ಬೇಡಿ ಸಾರ್. ಹೊತ್ತೋರು ಬೆದರ್ತಾರೆ," ಎಂದ.

ವಿಮಾನ ಹೊರಟಿತು. ಪೇಟೆಯ ಅಂಗಡಿಯವರು ಬಾಗಿಲು ಅರ್ಧ ಎಳೆದು ಎದ್ದು ನಿಂತರು. ಹೂವಿನಂಗಡಿಯ ಹೆಂಗಸು ಮುಖ ನೋಡದೆಯೇ ಒಂದು ಹಾರ ಎಸೆದಳು. ಅದು ನೇರ ಕೊರಳಿಗೇ ಬಂದು ಬಿತ್ತು. ಒಂಬತ್ತು ವರ್ಷದಲ್ಲಿ ಒಮ್ಮೆಯೂ "ಬನ್ನಿ ಕೂತ್ಕೊಳ್ಳಿ" ಎನ್ನದ ಹೋಟೆಲಿನವನು ಹೆಗಲ ಟವೆಲು ತೆಗೆದು ಕೈಮುಗಿದ. ಷಡಕ್ಷರಪ್ಪನವರಿಗೆ ನಗು ಬರಲಿಲ್ಲ. ಬದುಕಿರುವಾಗ ತಾನು ಈ ಊರಿಗೆ ಹಾಕಿಸಿದ ಚರಂಡಿ ಚಪ್ಪಡಿಗಳನ್ನು ಒಬ್ಬನಾದರೂ ನೆನೆದದ್ದುಂಟೆ ಎಂದುಕೊಂಡರು. ಯಾರಿಗೂ ಕಾಣದ ಹಾಗೆ ಹಾರದ ತುದಿಯಲ್ಲಿ ಕಣ್ಣು ಒರೆಸಿಕೊಂಡರು.

ಓಣಿಯೊಳಗೆ ಹತ್ತು ಹೆಜ್ಜೆ ಸರಾಗವಾಗಿ ಹೋದರು. ಗೋವಿಂದಯ್ಯನ ಬಚ್ಚಲಿನ ಮೂಲೆ ಬಂತು. ಟೇಪಿಗೂ ಗೋವಿಂದಯ್ಯನಿಗೂ ಗೊತ್ತಾಗದ ಸಂಗತಿಯೊಂದಿತ್ತು: ಓಣಿ ಅಲ್ಲಿ ಸ್ವಲ್ಪ ಬಾಗುತ್ತದೆ. ವಿಮಾನ ಬಾಗುವುದಿಲ್ಲ. ಬಲಗಡೆ ಎದುರಿನ ಗೋಡೆಗೆ ಕಚ್ಚಿಕೊಂಡಿತು, ಮಂಟಪದ ಕಳಸ ತಗಡಿನೊಳಗೆ ಸಿಕ್ಕಿತು, ಎಡಗಡೆಯ ಹೊರುವ ಗಳ ಬಚ್ಚಲಿನ ಗವಾಕ್ಷಿಯೊಳಗೆ ತೂರಿತು.

ಒಳಗೆ ಗೋವಿಂದಯ್ಯನ ಹೆಂಡತಿ ಜಲಜಮ್ಮ ಹಂಡೆಯ ಒಲೆಗೆ ಸೌದೆ ತುಂಬುತ್ತಿದ್ದರು. ಸದ್ದಾಯಿತೆಂದು ತಲೆಯೆತ್ತಿದರೆ, ಗವಾಕ್ಷಿಯಾಚೆ ಮೊಳದ ದೂರದಲ್ಲಿ ಹಾರ ಹಾಕಿಕೊಂಡ ವರ್ಕ್ ಇನ್‌ಸ್ಪೆಕ್ಟರು.

"ಅಯ್ಯೋ! ಕಣ್ಣು ಮಿಟುಕಿಸ್ತಾ ಇದೆ!" ಎಂದು ಚೀರಿ ಆಕೆ ಅಡುಗೆಮನೆಗೆ ಓಡಿದರು.

ಹಿಂದೆ ಎಳೆದರೂ ಬರಲಿಲ್ಲ, ಮುಂದೆ ನೂಕಿದರೂ ಹೋಗಲಿಲ್ಲ. ಎಲ್ಲರೂ ಕೂಗಾಡುತ್ತಿದ್ದರೆ ಷಡಕ್ಷರಪ್ಪನವರ ಮುಖ ಮಾತ್ರ ಅರಳಿತ್ತು. ಜೇಬಿನಿಂದ ಪೆನ್ನು ತೆಗೆದು, ಕೂತಲ್ಲೇ ಫೈಲು ಬಿಡಿಸಿ ಬರೆದರು: "ಬಳಕೆಗೆ ಸಂಪೂರ್ಣ ಅಡ್ಡಿ ಇರುತ್ತದೆ. ಖುದ್ದು ಅನುಭವಿಸಿದ್ದೇನೆ." ಸಹಿಯನ್ನೂ ಹಾಕಿದರು.

"ವಿಮಾನ ಬಿಚ್ಚಿ ತೆಗೀರಿ, ಅಷ್ಟೇ," ಎಂದರು ಗೋವಿಂದಯ್ಯ.

"ಮುತ್ತಾತನ ಕಾಲದ್ದು ಇದು. ನಿಮ್ಮ ಮನೆಯೋರನ್ನ ಬಿಟ್ರೆ ಬೀದಿಯೋರೆಲ್ಲ ಇದರಲ್ಲೇ ಹೋಗ್ಬೇಕು," ಎಂದ ಶಿವರಾಜ. "ಮೊಳೆ ಮುಟ್ಟೋ ಹಂಗಿಲ್ಲ."

ಆಗ ಜನ ಸರಿದು ದಾರಿ ಬಿಟ್ಟರು. ಎರಡು ತಿಂಗಳಿಂದ ಮಲಗಿದ್ದ ಮಹಾಂತಮ್ಮ ಕೋಲೂರಿಕೊಂಡು, ಸೆರಗು ಬಿಗಿದು, ತಾನಾಗಿಯೇ ನಡೆದು ಬರುತ್ತಿದ್ದಳು. ವಿಮಾನವನ್ನೂ ಗೋಡೆಯನ್ನೂ ಒಂದು ಸಲ ನೋಡಿದಳು.

"ಏನ್ರೋ ನೋಡ್ತಾ ನಿಂತಿದೀರಾ? ಇವತ್ತು ಇವನು, ನಾಳೆ ನಾನು. ಒಡೀರೋ ಗೋಡೆನ!"

"ತಡೀರಿ, ತಡೀರಿ! ಮೊದಲು ನೋಟೀಸು..." ಎಂದು ಷಡಕ್ಷರಪ್ಪ ಕೂಗಿಕೊಂಡರು. ಆದರೆ ವಿಮಾನದೊಳಗಿಂದ ಬಂದ ಮಾತು ಕೇಳುವ ರೂಢಿ ಆ ಊರಲ್ಲಿರಲಿಲ್ಲ. ರುದ್ರಭೂಮಿಯಿಂದ ಹಾರೆ, ಗುದ್ದಲಿ ಬಂದವು. ಕಾಲು ಗಂಟೆಯಲ್ಲಿ ಬಚ್ಚಲಿನ ಗೋಡೆ ಇಟ್ಟಿಗೆಯ ರಾಶಿಯಾಯಿತು, ಹಂಡೆ ಬಯಲಿಗೆ ಬಂತು, ವಿಮಾನ ಮುಂದಕ್ಕೆ ಸಾಗಿತು. ಜನ ಚಪ್ಪಾಳೆ ತಟ್ಟಿದರು.

ಮೂರು ಗಂಟೆಗೆ ಷಡಕ್ಷರಪ್ಪ ಕೊರಳ ಹಾರ ತೆಗೆಯುವುದನ್ನೂ ಮರೆತು ವರದಿ ಹಿಡಿದು ಆಫೀಸಿಗೆ ಬಂದರು. ಮುಖ್ಯಾಧಿಕಾರಿಗಳ ಎದುರಿನ ಕುರ್ಚಿಯಲ್ಲಿ ಗೋವಿಂದಯ್ಯ ಆಗಲೇ ಕೂತಿದ್ದರು.

"ಅಡ್ಡಿ ಇದೆ ಅಂತ ಬರೆದಿದೀರಿ. ಈಗ ಇದೆಯಾ?" ಎಂದು ಕೇಳಿದರು ಮುಖ್ಯಾಧಿಕಾರಿಗಳು.

"ಈಗಿಲ್ಲ ಸಾರ್. ಗೋಡೆ ಬಿತ್ತು."

"ಒಡೆಯೋ ಮೊದಲು ನೋಟೀಸ್ ಕೊಟ್ರಾ?"

"ಹೇಗೆ ಕೊಡ್ಲಿ ಸಾರ್? ಕಟ್ಟಿಹಾಕಿದ್ರು."

"ನೋಟೀಸ್ ಇಲ್ಲದೆ ಒಡೆದ್ರೆ ತಪ್ಪು ನಮ್ದು. ಇವರು ಕೋರ್ಟಿಗೆ ಹೋಗ್ತೀನಿ ಅಂತಿದಾರೆ. ಕ್ರಮ ಪ್ರಕಾರ ಏನಂದ್ರೆ, ಮೊದಲು ಪಂಚಾಯಿತಿಯಿಂದ ಗೋಡೆ ಇದ್ದ ಹಾಗೆ ಕಟ್ಟಿಸಿಕೊಡೋದು. ಆಮೇಲೆ ನೋಟೀಸು, ವಿಚಾರಣೆ, ಆಮೇಲೆ ಒಡೆಯೋದು. ಮೇಸ್ತ್ರಿ ಹೊರಟಿದಾನೆ. ನೀವು ಹೋಗಿ ಮುಂದೆ ನಿಂತು ಕಟ್ಸಿ."

ನಾಲ್ಕು ಗಂಟೆಯ ಬಸ್ಸು ಹಾರ್ನು ಹೊಡೆದುಕೊಂಡು ಹೋಗುತ್ತಿದ್ದಾಗ ಷಡಕ್ಷರಪ್ಪ ಓಣಿಯಲ್ಲಿ ನಿಂತು ಗೋಡೆ ಕಟ್ಟಿಸುತ್ತಿದ್ದರು. ಪಂಚಾಯಿತಿಯ ಕೆಲಸವೆಂದ ಮೇಲೆ ಹಳೆಯ ಇಟ್ಟಿಗೆ ನಡೆಯುವುದಿಲ್ಲ. ದಪ್ಪ ಸಿಮೆಂಟ್ ಬ್ಲಾಕು ಬಂತು. ಆರು ಗಂಟೆಗೆ ಟೇಪು ಹಿಡಿದರೆ ಓಣಿಯ ಅಗಲ ಐದು ಅಡಿ ಒಂದು ಇಂಚು. ಗೋವಿಂದಯ್ಯ ಗೋಡೆಗೆ ಕೈಯಿಂದ ತಟ್ಟಿ ನೋಡಿ, "ಗಟ್ಟಿ ಇದೆ," ಎಂದು ಮೆಚ್ಚಿಕೊಂಡರು.

ಅಷ್ಟು ಹೊತ್ತಿಗೆ ಆಫೀಸಿನ ಜವಾನ ಒಂದು ಚೀಟಿ ತಂದುಕೊಟ್ಟ. ಮುಖ್ಯಾಧಿಕಾರಿಗಳ ಅಕ್ಷರ. "ಸದರಿ ಗೋಡೆ ಈಗ ಪಂಚಾಯಿತಿಯೇ ಕಟ್ಟಿಸಿದ ಕಾಮಗಾರಿ. ನಾವು ಕಟ್ಟಿದ್ದನ್ನು ನಾವೇ ಒತ್ತುವರಿ ಎನ್ನಲು ಬರುವುದಿಲ್ಲ. ಸ್ಪಷ್ಟೀಕರಣ ಕೋರಿ ಬೆಂಗಳೂರಿಗೆ ಬರೆಯಲಾಗಿದೆ. ಉತ್ತರ ಬಂದು ಫೈಲು ಮುಗಿಯುವವರೆಗೆ ತಮ್ಮನ್ನು ಬಿಡುಗಡೆ ಮಾಡಲಾಗುವುದಿಲ್ಲ."

ಷಡಕ್ಷರಪ್ಪ ಅಜ್ಜಿಯ ಜಗಲಿಯ ಮೇಲೆ ಕುಸಿದು ಕೂತರು. ಅಳು ಬಂದೇಬಿಟ್ಟಿತು, ಈ ಸಲ ಒರೆಸಿಕೊಳ್ಳಲಿಲ್ಲ. ಮಹಾಂತಮ್ಮ ಒಳಗಿನಿಂದ ತಾನೇ ಒಂದು ಲೋಟ ಮಜ್ಜಿಗೆ ತಂದು ಪಕ್ಕದಲ್ಲಿಟ್ಟಳು. ಬೆಳಿಗ್ಗೆ ಏಳಲಾಗದಿದ್ದ ಅಜ್ಜಿಯ ಮುಖದಲ್ಲಿ ಹತ್ತು ವರ್ಷ ಇಳಿದಿತ್ತು.

"ಅಳಬೇಡ ಮಗಾ. ಬೆಂಗಳೂರಿಂದ ಕಾಗದ ಬರೋದು ಎಷ್ಟು ದಿನ ಆಗುತ್ತೆ?"

"ಏಳೆಂಟು ವರ್ಷ ಆಗ್ಬೋದಜ್ಜಿ."

ಅಜ್ಜಿ ಹೊಸ ಗೋಡೆಯನ್ನೊಮ್ಮೆ, ಅದರಾಚೆಯ ರುದ್ರಭೂಮಿಯನ್ನೊಮ್ಮೆ ನೋಡಿದಳು. ಕೋಲನ್ನು ಬಾಗಿಲ ಮೂಲೆಗೆ ಒರಗಿಸಿ ಇಟ್ಟಳು.

"ಸರಿ. ದಾರಿ ಬಿಡೋವರೆಗೂ ನಾನು ಹೋಗಲ್ಲ, ನೀನೂ ಹೋಗಲ್ಲ. ನಾಳೆಯಿಂದ ಬುತ್ತಿ ತರಬೇಡ, ಮಧ್ಯಾಹ್ನ ಇಲ್ಲೇ ಉಣ್ಣು."