ಅಮೆರಿಕಕ್ಕೆ ಅಂದ ಹೂಂ

ಕತೆ ಕೇಳುವವರು ನಡುನಡುವೆ ಹೂಂ ಅನ್ನಲೇಬೇಕೆಂಬುದು ನಮ್ಮ ಕಡೆಯ ಶಿಸ್ತು. ಹೂಂಗುಟ್ಟುವುದು ನಿಂತರೆ ನಮ್ಮಜ್ಜಿ ರಾಜಕುಮಾರನನ್ನು ನಡುಗಾಡಿನಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದಳು. ಅವನನ್ನು ಕ್ಷೇಮವಾಗಿ ಊರು ಮುಟ್ಟಿಸುವ ಜವಾಬ್ದಾರಿ ನನ್ನ ಮೇಲಿದ್ದುದರಿಂದ ನಿದ್ದೆಗಣ್ಣಲ್ಲೂ ಹೂಂ ಅನ್ನುವುದನ್ನು ಕಲಿತೆ. ವಯಸ್ಸು ಐವತ್ತು ದಾಟಿದರೂ ಆ ಅಭ್ಯಾಸ ಬಿಟ್ಟಿಲ್ಲ. ಈಚೆಗೆ ಅದು ಮಗಳ ಬದುಕಿಗೇ ಸಂಚಕಾರ ತರುವುದರಲ್ಲಿತ್ತು.

ನನ್ನ ಮನೆ ಹೊನ್ನಾಳಿಯಲ್ಲಿ, ಸಮಾಜ ವಿಜ್ಞಾನ ಕಲಿಸುವುದು ನ್ಯಾಮತಿಯ ಒಂದು ಪ್ರೌಢಶಾಲೆಯಲ್ಲಿ. ಅಮೆರಿಕದ ಮೊದಲ ವಸಾಹತುಗಳನ್ನು ಎರಡು ಪ್ಯಾರಾದಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತಿದ್ದವನಿಗೆ ಮೊಬೈಲಿನಲ್ಲಿ ಇತಿಹಾಸಕಾರರ ಮಾತುಕತೆಗಳು ಸಿಕ್ಕವು. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಅವಸರವಿಲ್ಲದೆ ಹೇಳುತ್ತಾರೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಬಸ್ಸಿನ ಕಿಟಕಿಗೆ ತಲೆಯಾನಿಸಿದರೆ ಹೊರಗಿನ ಮೆಕ್ಕೆಜೋಳದ ಹೊಲಗಳು ಮೆಲ್ಲಗೆ ಮಂಜಿನಲ್ಲಿ ಕರಗಿ ಅಮೆರಿಕದ ಕಡಲಂಚಿನ ಹೊಲಗಳೇ ಆಗುತ್ತವೆ. ಹಡಗಿನಿಂದ ಹಸಿದು ಇಳಿದವರಿಗೆ ಅಲ್ಲಿಯ ಜನ ಮೆಕ್ಕೆಜೋಳ ಬಿತ್ತುವುದನ್ನು ತೋರಿಸುತ್ತಾರೆ. ನಾನು ಬದುವಿನ ಮೇಲೆ ನಿಂತು ಹೂಂ ಅನ್ನುತ್ತಿರುತ್ತೇನೆ. ಕಂಡಕ್ಟರ್ ಭುಜ ತಟ್ಟುವ ಹೊತ್ತಿಗೆ ನನ್ನ ಸ್ಟಾಪು ದಾಟಿರುತ್ತದೆ. ಆದರೂ ಇಡೀ ದಿನದಲ್ಲಿ ನನಗೆ ನಿಜವಾದ ಸುಖವೆಂದರೆ ಅದೇ.

ಮನೆಯಲ್ಲೂ ಇದೇ ಕತೆ. ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಗಿರಿಜಾ ಮಂಡಕ್ಕಿಗೆ ಒಗ್ಗರಣೆ ಹಾಕುತ್ತ, "ಹನ್ನೊಂದಕ್ಕೆ ಜಗಳೂರಿನೋರು ಸುಮಾನ್ನ ನೋಡಾಕೆ ಬರ್ತಾರೆ. ಬ್ಯಾರೆ ಅಂಗಿ ಹಾಕ್ಕಳ್ರಿ" ಎಂದಳು.

"ಬರಾಕೆ ಯಾರು ಹೇಳಿದ್ದು?"

"ನೀವೇ. ಗುರುವಾರ ಕೇಳಿದ್ದಕ್ಕೆ ಮೂರು ಸಲ ಹೂಂ ಅಂದ್ರಲ್ಲ."

ಮಗಳು ಸುಮಾ ಕೋಣೆಯಿಂದ ಬಂದಳು. ಅತ್ತು ಕಣ್ಣು ಕೆಂಪಗಾಗಿತ್ತು. "ಅಪ್ಪಾಜಿ, ಮುಂದೆ ಓದ್ತೀನಿ, ಎರಡು ವರ್ಷ ಮದುವೆ ಮಾತು ಬ್ಯಾಡ ಅಂತ ಹೋದ ತಿಂಗಳು ಹೇಳಿದಾಗ್ಲೂ ಹೂಂ ಅಂದಿದ್ರಿ. ಅರ್ಜಿ ಹಾಕಿ ಆಗೈತೆ."

ಗುರುವಾರ ನನ್ನ ಕಿವಿಯಲ್ಲಿದ್ದ ಇತಿಹಾಸಕಾರರ ಮಾತುಕತೆಯೂ ಇಂಥದೇ ಒಂದು ಹೂಂನ ಬಗ್ಗೆ ಇತ್ತು. ಇಲ್ಲಿ ನೀವೂ ಇರಿ ಎಂದು ಅಲ್ಲಿಯವರು ಒಪ್ಪಿದರೆ, ಬಂದವರು ನೆಲವೇ ತಮ್ಮದಾಯಿತೆಂದು ತಿಳಿದರಂತೆ. ಇಂಥ ಎಡವಟ್ಟು ಯಾರಾದರೂ ಹೇಗೆ ಮಾಡಿಕೊಳ್ಳುತ್ತಾರೆ ಎಂದು ನಾನು ಮರುಗಿದ್ದೆ. ಮರುಗುತ್ತಲೇ, ಓದಿಗೆ ಒಪ್ಪಿಸಿದ್ದ ಮಗಳನ್ನು ಜಗಳೂರಿನವರಿಗೂ ಬರೆದುಕೊಟ್ಟಿದ್ದೆ.

ಜಗಳೂರಿನವರು ಬಂದರು. ಹುಡುಗನ ತಂದೆ ಮೆಕ್ಕೆಜೋಳ ಬೆಳೆಯುವ ಸಮಾಧಾನದ ಮನುಷ್ಯ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ತಪ್ಪು ನಂದೇ ಐತ್ರಿ. ಹುಡುಗಿಗೆ ಈಗ ಮದುವೆ ಬ್ಯಾಡ. ನಾನು ಹೂಂ ಅಂದಿದ್ದು ಅಮೆರಿಕಕ್ಕೆ" ಎಂದುಬಿಟ್ಟೆ. ಒಳಗೆ ಗಿರಿಜಾಳ ಕೈಯಿಂದ ಒಂದು ಲೋಟ ಬಿತ್ತು.

ಹುಡುಗನ ತಂದೆ ಇನ್ನೊಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು. "ಅಮೆರಿಕದಾಗೆ ಏನಾಗೇತ್ರಿ?"

ಹೇಳಿದೆ. ಅವರ ಹೊಲದ ಮೆಕ್ಕೆಜೋಳದ ಮೂಲವೂ ಆ ಕಡೆಯೇ ಎಂದಾಗ ಅವರ ಕಣ್ಣು ಎಲ್ಲೋ ದೂರ ನೆಟ್ಟಿತು. ಸುಮ್ಮನೆ ಹೂಂ, ಹೂಂ ಅನ್ನುತ್ತ ಒಂದು ಗಂಟೆ ಕೇಳಿದರು. ಕೊನೆಗೆ ಎದ್ದು, "ಹುಡುಗಿ ಓದ್ಲಿ ಬಿಡ್ರಿ, ನಮಗೇನು ಬ್ಯಾಸರ ಇಲ್ಲ. ಆದ್ರೆ ಮೇಷ್ಟ್ರೇ, ಮಕ್ಕಳ ಮಾತು ಕಿವಿಗೆ ಹಾಕ್ಕಳ್ದೆ ಹೂಂ ಅನಬ್ಯಾಡ್ರಿ" ಎಂದು ಹೊರಟರು.

ನನಗೆ ಒಂದು ಯುದ್ಧ ಗೆದ್ದಷ್ಟು ಹಿಗ್ಗು. ಸುಮಾಳನ್ನು ಕರೆದು, "ಇನ್ನು ನಿಶ್ಚಿಂತೆಯಿಂದ ಓದಮ್ಮ. ಅಂದಂಗೆ, ಯಾವ ವಿಷಯ?" ಎಂದೆ.

ತಾಯಿ ಮಗಳು ಮುಖಮುಖ ನೋಡಿಕೊಂಡರು.

"ಇತಿಹಾಸ, ಅಪ್ಪಾಜಿ. ನೀವು ಕೇಳೋದನ್ನ ನಾನೂ ಕೇಳ್ತಿದ್ದೆ. ನಿಮ್ಮ ಜೊತೆ ಕೂತು ಅದರ ಬಗ್ಗೆ ಮಾತಾಡ್ಬೇಕು ಅಂತ ಅವತ್ತು ಅರ್ಧ ಗಂಟೆ ಹೇಳಿದ್ದೆ."

ಬಾಯಿಗೆ ಬಂದಿದ್ದ ಹೂಂ ನುಂಗಿಕೊಂಡು, "ಇನ್ನೊಂದು ಸಲ ಹೇಳಮ್ಮ" ಎಂದೆ.