ಕೂಸಿನೊಳಗಿನ ಕೆಡುಕೂ ನನ್ನ ನಾಲ್ಕು ಗಂಟೆಯ ಚಹಾವೂ

ನಾನು ಶಾಂತ ಸ್ವಭಾವದವನು ಎಂದು ಬಹಳ ಕಾಲ ನಂಬಿಕೊಂಡಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರೂ ಹುಡುಗರಿಗೆ ಹೊಡೆಯುತ್ತಿರಲಿಲ್ಲ. ಬಸ್ಸು ತಪ್ಪಿದರೆ ಕಂಡಕ್ಟರನನ್ನು ಬೈಯುತ್ತಿರಲಿಲ್ಲ. ಓಣಿಯಲ್ಲಿ ಜಗಳವಾದರೆ ಎರಡೂ ಕಡೆಯವರ ಮಾತಿಗೆ ತಲೆಯಾಡಿಸಿ ಮನೆಗೆ ಬಂದುಬಿಡುತ್ತಿದ್ದೆ. ಒಳಗೆ ಶಾಂತಿಯಿದ್ದರೆ ಹೊರಗಿನ ಗದ್ದಲ ಏನು ಮಾಡೀತು ಎಂದು ಸ್ಟಾಫ್ ರೂಮಿನಲ್ಲಿ ಹೇಳಿಯೂ ಇದ್ದೆ. ಆ ಶಾಂತಿ ನನ್ನೊಳಗೆ ಎಲ್ಲಿಂದ ಬರುತ್ತಿದೆ ಎಂದು ವಿಚಾರಿಸುವ ಪ್ರಸಂಗ ಮಾತ್ರ ಬಂದಿರಲಿಲ್ಲ. ಅದು ಬಂದದ್ದು ಎಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ, ನೆರೆಮನೆಯ ಸಮುವೇಲ ಮಾಸ್ತರರ ಹೆಂಡತಿಯ ತಮ್ಮನ ಜೊತೆಗೆ, ಗದಗಿನ ಕಡೆಯ ಗಾಡಿಯಲ್ಲಿ.

ಸಮುವೇಲ ಮಾಸ್ತರರು ನಮ್ಮ ಶಾಲೆಯ ಡ್ರಾಯಿಂಗ್ ಶಿಕ್ಷಕರು. ಮೂರು ತಲೆಮಾರಿನ ಕ್ರೈಸ್ತ ಮನೆತನ. ಮನೆಯ ಮಾಲೀಕರು ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ನಮಗಿಬ್ಬರಿಗೂ ಬಾಡಿಗೆಗೆ ಕೊಟ್ಟಿದ್ದರು. ಮುಂದಿನ ಕಟ್ಟೆ ಮಾತ್ರ ಇಬ್ಬರಿಗೂ ಸೇರಿದ್ದು. ನಾಲ್ಕು ಗಂಟೆಗೆ ನಾವಿಬ್ಬರೂ ಅಲ್ಲಿ ಕುಳಿತು ಚಹಾ ಕುಡಿಯುವುದು ವಾಡಿಕೆ. ಆ ಬೇಸಿಗೆಯಲ್ಲಿ ಅವರಿಗೆ ಬಹಳ ವರ್ಷ ಕಾದ ಮೇಲೆ ಹೆಣ್ಣುಕೂಸು ಹುಟ್ಟಿತ್ತು. ಬರುವ ಭಾನುವಾರ ಹುಬ್ಬಳ್ಳಿಯಿಂದ ಪಾದ್ರಿಗಳು ಬಂದು ದೀಕ್ಷಾಸ್ನಾನ ಮಾಡಿಸುವವರಿದ್ದರು. ಕೂಸಿನ ತಾಯಿ ಸುಗುಣಾಬಾಯಿಗೆ ತವರಿನಲ್ಲಿ ಉಳಿದವನು ತಮ್ಮ ದಾನಿಯೇಲನೊಬ್ಬನೇ. ಕೂಸನ್ನು ಸೋದರಮಾವ ತೊಡೆಯ ಮೇಲೆ ಹಿಡಿಯುವುದು ನಮ್ಮ ಕಡೆ ಯಾವ ಜಾತಿಯವರೂ ಬಿಡದ ಪದ್ಧತಿ. ಕ್ರೈಸ್ತರೂ ಬಿಟ್ಟಿಲ್ಲ. ಅದಕ್ಕೇ ಅವನು ಕೊಯಮತ್ತೂರಿನ ಗಿರಣಿಯಿಂದ ರಜೆ ಹಾಕಿ, ಲೇಸು ಹಚ್ಚಿದ ಬಿಳಿ ಫ್ರಾಕು ತೆಗೆದುಕೊಂಡು ಬಂದ.

ಬಂದವನು ಕ್ರೈಸ್ತನಾಗಿಯೇ ಬಂದಿದ್ದ, ಆದರೆ ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಎಂಬ ಬೇರೆ ಪಂಥದ ಕ್ರೈಸ್ತನಾಗಿ. ಅದು ನಮಗೆ ಗೊತ್ತಾದದ್ದು ಚಹಾದಿಂದ.

ನನ್ನ ಹೆಂಡತಿ ನೀಲವ್ವ ಮೊದಲ ದಿನವೇ ಅತಿಥಿಗೆಂದು ಯಾಲಕ್ಕಿ ಹಾಕಿ ಚಹಾ ಮಾಡಿ ಕಟ್ಟೆಗೆ ತಂದಳು. ದಾನಿಯೇಲ ಕೈ ಮುಗಿದು, "ಬ್ಯಾಡ್ರಿ ಅಕ್ಕಾರ, ನಾ ಚಹಾ ಕುಡಿಯಂಗಿಲ್ಲ" ಅಂದ. "ಕಾಫಿ ಮಾಡ್ಲಿ?" "ಅದೂ ಇಲ್ರಿ." ನಮ್ಮಲ್ಲಿ ಚಹಾ ಒಲ್ಲೆ ಎನ್ನುವವನಿಗೆ ಆ ಮನೆಯ ಮೇಲೆ ಸಿಟ್ಟಿದೆ ಅಥವಾ ಆ ಮನೆಯ ನೀರು ಅವನಿಗೆ ನಡೆಯುವುದಿಲ್ಲ ಎಂದು ಅರ್ಥ. ನೀಲವ್ವ ಒಳಗೆ ಬಂದು ಚಹಾದ ಬಸಿಯನ್ನು ಕುಕ್ಕಿದಳು. "ನಮ್ಮ ಅಜ್ಜ ಅವರ ಮನ್ಯಾಗ ನೀರ ಮುಟ್ಟತಿರಲಿಲ್ಲ. ಈಗ ಅವರು ನಮ್ಮ ಮನ್ಯಾಗ ಚಹಾ ಮುಟ್ಟೂದಿಲ್ಲಂತ. ಕಾಲ ಭಾಳ ಸುಧಾರಿಸೇತಿ ನೋಡ್ರಿ" ಅಂದಳು. ಮಾರ್ಮನ್ನರಿಗೆ ಚಹಾ, ಕಾಫಿ, ಸೆರೆ, ತಂಬಾಕು ಯಾವುದೂ ಇಲ್ಲವೆಂದು ಸಮುವೇಲ ಮಾಸ್ತರರು ತಗ್ಗಿದ ದನಿಯಲ್ಲಿ ವಿವರಿಸಿದ ಮೇಲೆ ಅವಳ ಸಿಟ್ಟು ಇಳಿಯಿತು. ಆದರೆ ಇಳಿದ ಸಿಟ್ಟು ನನ್ನ ತಲೆಯ ಮೇಲೆಯೇ ಬಂದು ಕುಳಿತಿತು. ಅತಿಥಿ ಬಾಯಿ ಒಣಗಿಸಿಕೊಂಡು ಕುಳಿತಿರುವಾಗ ಮನೆಯವರು ಅವನೆದುರು ಚಹಾ ಕುಡಿಯುವುದೇ ಎಂದು ಅವಳು ಎಲ್ಲರಿಗೂ ಕೊತ್ತಂಬರಿ ಕಾಳಿನ ಕಷಾಯ ಶುರು ಮಾಡಿದಳು. ಕಷಾಯ ದಾನಿಯೇಲನಿಗೆ ನಡೆಯುತ್ತಿತ್ತು. ಎರಡೆರಡು ಸಲ ಹಾಕಿಸಿಕೊಂಡು ಕುಡಿದ.

ಕಷಾಯದ ಎರಡನೇ ದಿನ ವಾದ ಹುಟ್ಟಿತು. ದೀಕ್ಷಾಸ್ನಾನದ ಹೊತ್ತಿಗೆ ಕೂಸನ್ನು ಹಿಡಿದವನು, ಕೂಸಿನ ಪರವಾಗಿ, ಸೈತಾನನನ್ನು ಬಿಟ್ಟೆನೆಂದು ಹೇಳಬೇಕಂತೆ.

"ಕೂಸು ಸೈತಾನನ್ನ ಹಿಡಕೊಂಡs ಇಲ್ಲ, ಬಿಡೂದೇನು?" ಅಂದ ದಾನಿಯೇಲ.

"ಆದಾಮ ಹಣ್ಣು ತಿಂದಾಗಿಂದ ಆ ಕೆಡಕಿನ ಬೇರು ಎಲ್ಲಾರೊಳಗೂ ಐತಿ. ಹುಟ್ಟಿದ ಕೂಸಿನ್ಯಾಗೂ ಐತಿ. ನಮ್ಮ ಕೈಲೆ ಕಿತ್ತು ಒಗ್ಯಾಕ ಆಗೂದಿಲ್ಲ, ದೇವರು ಕೃಪಾ ಮಾಡಿ ಕೀಳಬೇಕು" ಅಂದರು ಮಾಸ್ತರರು.

"ಆದಾಮನ ತಪ್ಪು ಆದಾಮಗ, ಮಾಮಾ. ಅವ ಹಣ್ಣು ತಿನ್ನಲಾರದ ಇದ್ರ ನೀವೂ ಇರತಿರಲಿಲ್ಲ, ನಾನೂ ಇರತಿರಲಿಲ್ಲ. ಕಹಿ ಗೊತ್ತಿಲ್ಲದಾವಗ ಸಿಹಿ ಹೆಂಗ ಗೊತ್ತಾಗಬೇಕು? ಎರಡೂ ನೋಡಿ ಆರಿಸಿಕೊಳ್ಳಲಿ ಅಂತs ದೇವರು ನಮ್ಮನ್ನ ಇಲ್ಲಿ ಕಳಿಸ್ಯಾನ. ಎಂಟು ವರ್ಷ ತುಂಬಲಿ, ತಾನs ತಿಳದು ನೀರಿಗೆ ಇಳೀತಾಳ."

ಸೈತಾನ ಇದ್ದಾನೆಂಬುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ. ಆದರೆ ದಾನಿಯೇಲನ ಪ್ರಕಾರ ಭೂಮಿ ಹುಟ್ಟುವ ಮೊದಲೇ ಮೇಲೆ ಒಂದು ಸಭೆ ನಡೆದಿತ್ತು. ಅಲ್ಲಿ ಸೈತಾನ ಎದ್ದು ನಿಂತು, ಮನುಷ್ಯರಿಗೆ ಆರಿಸುವ ಸ್ವಾತಂತ್ರ್ಯ ಬೇಡ, ಎಲ್ಲರನ್ನೂ ನಾನೇ ಬಲವಂತದಿಂದ ಒಳ್ಳೆಯವರನ್ನಾಗಿ ಮಾಡುತ್ತೇನೆ ಅಂದನಂತೆ. ಇದು ನಮ್ಮ ಹೆಡ್ಮಾಸ್ತರರ ಧೋರಣೆಗೆ ಬಹಳ ಹತ್ತಿರವಿದ್ದುದರಿಂದ ನನಗೆ ಥಟ್ಟನೆ ಅರ್ಥವಾಯಿತು. ಮನಸ್ಸಿನ ಶಾಂತಿಯ ವಿಷಯಕ್ಕೂ ಇದೇ ಕಥೆ. ಅದು ದಾನ, ಗಳಿಕೆಯಲ್ಲ, ಕೈ ಚಾಚಿದರೆ ಸಾಕು ಎಂದು ಮಾಸ್ತರರು. ದಾನ ಹೌದು, ಆದರೆ ಆಜ್ಞೆ ಪಾಲಿಸಿದವನ ಕೈಗೇ ಅದು ಬರುತ್ತದೆ, ಬಂದಾಗ ಎದೆ ಬೆಚ್ಚಗಾಗುತ್ತದೆ ಎಂದು ದಾನಿಯೇಲ. ಹೀಗೆ ಶಾಂತಿಯ ಬಗ್ಗೆ ಮಾತನಾಡುತ್ತ ಇಬ್ಬರ ದನಿಯೂ ಪೇಟೆಯವರೆಗೆ ಕೇಳಿಸತೊಡಗಿತು.

"ನೀವು ಮೂರನೇದವರು, ನೀವs ಹೇಳ್ರಿ" ಎಂದು ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಏನು ಹೇಳಲಿ? ನಮ್ಮ ಮಗ ಹುಟ್ಟಿದಾಗ ಅಯ್ಯನವರು ಬಂದು ಲಿಂಗ ಕಟ್ಟಿ, ವಿಭೂತಿ ಹಚ್ಚಿ, ಊಟ ಮಾಡಿ ಹೋದರು. ಕೂಸಿನೊಳಗೆ ಏನಿತ್ತು, ಏನಿರಲಿಲ್ಲ ಎಂದು ನಾನು ಅವರನ್ನು ಕೇಳಿರಲಿಲ್ಲ. ಎಂದಿನಂತೆ ಇಬ್ಬರ ಮಾತಿಗೂ ತಲೆಯಾಡಿಸಿದೆ. ಇಬ್ಬರೂ ಅದನ್ನು ತಮ್ಮ ಪರವಾದ ತೀರ್ಪೆಂದೇ ತಿಳಿದರು.

ಶನಿವಾರದ ಹೊತ್ತಿಗೆ ಮಾತು ಬೆಳೆದು ಬೇರೆಯೇ ಕಡೆಗೆ ಹೋಗಿತ್ತು. ಸೈತಾನನ ಮಾತು ಹೇಳದವನು ನನ್ನ ಮಗಳನ್ನು ಮುಟ್ಟಬೇಕಾಗಿಲ್ಲ ಅಂದರು ಮಾಸ್ತರರು. ಹಾಗಾದರೆ ಸಂಜೆಯ ಗಾಡಿಗೆ ಹೋಗುತ್ತೇನೆ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ದಾನಿಯೇಲ ಟ್ರಂಕು ತಂದು ಕಟ್ಟೆಯ ಮೇಲಿಟ್ಟ. ಸುಗುಣಾಬಾಯಿ ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಇವ ಹ್ವಾದ್ರ ನನ್ನ ತವರುಮನಿ ಮುಗೀತು" ಅಂದರು, ಯಾರಿಗೆಂದೂ ಅಲ್ಲ. ಆ ಮಾತು ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು. ಏನಾದರೂ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ನೀಲವ್ವ ತಾಟಿನಲ್ಲಿ ಕಷಾಯ ತಂದಳು.

ಚಹಾ ಇಲ್ಲದೆ ನನ್ನ ತಲೆ ಮೂರು ದಿನದಿಂದ ಸಿಡಿಯುತ್ತಿತ್ತು. ಆ ಕೊತ್ತಂಬರಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನೊಳಗಿನಿಂದ ನನಗೇ ಪರಿಚಯವಿಲ್ಲದ ಒಬ್ಬ ಮನುಷ್ಯ ಎದ್ದು ನಿಂತ.

"ಕೂಸಿನ್ಯಾಗ ಕೆಡಕ ಐತ್ಯೋ ಇಲ್ಲೋ ನನಗ ಗೊತ್ತಿಲ್ಲ. ನನ್ನೊಳಗ ಐತಿ, ಅಗದಿ ಗಂಟಲತನಕ ಬಂದೈತಿ. ಕೂಸಿಗೆ ಇನ್ನ ಗೋಣು ನಿಂತಿಲ್ಲ, ಇವರಿಗೆ ಆದಾಮಂದು ಚಿಂತಿ. ಗೋಣು ನಿಲ್ಲಲಾರದ ಕೂಸನ್ನ ಹಿಡ್ಯಾಕ ಎರಡು ಕೈ ಬೇಕು, ಧರ್ಮ ಯಾಕ ಬೇಕು? ಯಾರರ ಹಿಡಕೊಳ್ರಿ, ಇಲ್ಲಾಂದ್ರ ಬಿಡ್ರಿ. ನಾ ಸ್ಟೇಶನ್ನಿಗೆ ಹೋಗಿ ಚಹಾ ಕುಡದು ಬರ್ತೀನಿ" ಎಂದು ಕೂಗಿ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಸ್ಟೇಶನ್ನಿನ ಚಹಾದ ಬಗ್ಗೆ ಹೇಳುವಂಥದ್ದೇನಿಲ್ಲ. ಕುದ್ದು ಕುದ್ದು ಕರ್ರಗಾದದ್ದು. ಎರಡನೆಯ ಕಪ್ಪಿಗೆ ಎದೆ ಬೆಚ್ಚಗಾಯಿತು. ಮೂರನೆಯದಕ್ಕೆ ಊರಿನ ಮೇಲೆಲ್ಲ ಪ್ರೀತಿ ಹುಟ್ಟಿತು. ನಾನು ಕೂಗಿದ್ದು ನೆನಪಾಗಿ ನಾಚಿಕೆಯಾದದ್ದು ಆಮೇಲೆ.

ಬೆಕ್ಕಿನಂತೆ ಮನೆಗೆ ಮರಳಿದೆ. ಕಟ್ಟೆಯ ಮೇಲೆ ಟ್ರಂಕು ಇರಲಿಲ್ಲ. ದಾನಿಯೇಲ ಚಕ್ಕಳಬಕ್ಕಳ ಹಾಕಿ ಕುಳಿತಿದ್ದ, ತೊಡೆಯ ಮೇಲೆ ಕೂಸಿತ್ತು. ನಾನು ಹೋದ ಕೂಡಲೇ ಸುಗುಣಾಬಾಯಿ, "ಗಣಿತ ಮಾಸ್ತರು ಹೇಳಿದ್ದು ಖರೆ" ಎಂದು ಕೂಸನ್ನು ತಮ್ಮನ ಕೈಯಲ್ಲಿಟ್ಟು ಒಳಗೆ ನಡೆದುಬಿಟ್ಟಿದ್ದರಂತೆ. ಕೈಗೆ ಬಂದ ಕೂಸನ್ನು ಯಾವ ಧರ್ಮದವನಾದರೂ ಎಲ್ಲಿಡಬೇಕು? ಗೋಣಿನ ಹಿಂದೆ ಕೈ ಹೀಗಿಡು, ಹಾಗಿಡು ಎಂದು ತೋರಿಸುತ್ತ ಸಮುವೇಲ ಮಾಸ್ತರರೂ ಪಕ್ಕದಲ್ಲಿ ಕುಳಿತರಂತೆ. ಭಾನುವಾರ ದಾನಿಯೇಲ ಕೂಸನ್ನು ಹಿಡಿದ, ಸೈತಾನನ ಮಾತನ್ನು ತಂದೆಯೇ ಹೇಳಿದರು. ಪಾದ್ರಿಗಳು ಒಮ್ಮೆ ಇಬ್ಬರ ಮುಖವನ್ನೂ ನೋಡಿ ನೀರಿಗೆ ಕೈ ಹಾಕಿದರು. ಚರ್ಚಿನ ಹಿಂದಿನ ಬೆಂಚಿನಿಂದ ನೋಡುತ್ತಿದ್ದ ನನಗೆ ಕಣ್ಣು ಮಂಜಾಯಿತು. ಬೆಳಗಿನಿಂದ ಚಹಾ ಇಲ್ಲದಿದ್ದುದೂ ಕಾರಣವಿರಬಹುದು.

ದಾನಿಯೇಲನನ್ನು ಕಳಿಸಲು ಎಲ್ಲರೂ ಸ್ಟೇಶನ್ನಿಗೆ ಹೋದೆವು. ಗಾಡಿ ಹತ್ತುವ ಮುಂಚೆ ಅವನು ನನ್ನ ಕೈ ಹಿಡಿದು, "ಸರ್, ಚಹಾ ಬಿಡ್ರಿ. ಆರಿಸಿಕೊಳ್ಳೂದು ನಿಮ್ಮ ಕೈಯಾಗ ಐತಿ. ಬಿಟ್ರ ಮನಸ್ಸಿಗೆ ಶಾಂತಿ ಸಿಗತೈತಿ" ಅಂದ.

"ಅವರ ಕೈಲೆ ಆಗೂದಿಲ್ಲೋ. ಅದಕ್ಕ ಕೃಪಾ ಬೇಕು" ಅಂದರು ಸಮುವೇಲ ಮಾಸ್ತರರು.

ಇಬ್ಬರೂ ನಕ್ಕರು. ಕೆಡುಕು ಎಲ್ಲಿಂದ ಬಂತು, ಹೇಗೆ ಹೋಗುತ್ತದೆ ಎಂಬುದರಲ್ಲಿ ಕೊನೆಯವರೆಗೂ ಒಮ್ಮತವಾಗದ ಅವರಿಗೆ, ಅದು ಸದ್ಯ ಯಾರೊಳಗೆ ಇದೆ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ ಉಳಿದಿರಲಿಲ್ಲ. ಗಾಡಿ ಹೊರಟಿತು. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಚಹಾದವನು ಗುರುತು ಹಿಡಿದು ನನಗೆ ಕೈ ಬೀಸಿದ. ನಾನು ಅತ್ತ ನೋಡಲಿಲ್ಲ. ಅದರಲ್ಲಿ ಕೃಪೆಯೂ ಇರಲಿಲ್ಲ, ನನ್ನ ಆಯ್ಕೆಯೂ ಇರಲಿಲ್ಲ. ಪಕ್ಕದಲ್ಲಿ ನೀಲವ್ವ ನಿಂತಿದ್ದಳು.